ಅಂದಪ್ಪ ಮಾಸ್ತರರ ನಾಡಿಯ ಮರುಮೌಲ್ಯಮಾಪನ

ಮೂವತ್ತಾರು ವರ್ಷ ಬೇರೆಯವರ ಮಕ್ಕಳಿಗೆ ಅಂಕ ಹಾಕಿದ ಮನುಷ್ಯನಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಯಾರೋ ನಲವತ್ತಾರು ಹಾಕಿ ಕಳಿಸಿದರೆ ಹೊಟ್ಟೆ ಉರಿಯದೆ ಏನು ಮಾಡೀತು? ಅದೂ ಲಕ್ಷ್ಮೇಶ್ವರದ ನಡು ಬಜಾರಿನಲ್ಲಿ, ಶಾಮಿಯಾನದ ಕೆಳಗೆ, ಪರಿಚಯದವರೆಲ್ಲ ಸಾಲು ಹಚ್ಚಿ ನಿಂತು ನೋಡುತ್ತಿರುವಾಗ. ಅದೂ ಕೆಂಪು ಮಸಿಯಲ್ಲಿ. ನ್ಯಾಯ ಅನ್ನುವುದು ಒಂದಿಷ್ಟಾದರೂ ಉಳಿದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅಂದಪ್ಪ ಮಾಸ್ತರರು ಬೆಳ್ಳಟ್ಟಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುಡುಗನಿಗೆ ಮೂವತ್ತನಾಲ್ಕೂವರೆ ಬಂದರೆ ಮೂವತ್ತನಾಲ್ಕೂವರೆಯೇ; ಅದನ್ನು ಮೂವತ್ತೈದು ಮಾಡಿ ಎಂದು ಊರ ಗೌಡರೇ ಬಂದು ಕೂತಾಗಲೂ ಚಹಾ ಕುಡಿಸಿ ಕಳಿಸಿದ್ದರು. ನಿವೃತ್ತಿಯ ಮರುದಿನ ಬೆಳಿಗ್ಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಲಕ್ಷ್ಮೇಶ್ವರದ ಮನೆಯಿಂದ ಶಿಗ್ಲಿ ರಸ್ತೆ ಹಿಡಿದು, ನಾಲ್ಕನೇ ಕಿಲೋಮೀಟರಿನ ಕಲ್ಲಿಗೆ ಅಂಗೈಯಿಂದ ಒಂದು ಏಟು ಕೊಟ್ಟು ತಿರುಗಿ ಬಂದರು. ಅಲ್ಲಿಂದ ಹನ್ನೊಂದು ವರ್ಷ ಆ ಕಲ್ಲಿಗೆ ಒಂದು ದಿನವೂ ಏಟು ತಪ್ಪಿರಲಿಲ್ಲ. ಹೊಲಕ್ಕೆ ಹೊರಟ ಎತ್ತಿನ ಚಕ್ಕಡಿಗಳು ಅವರಿಗಿಂತ ಹಿಂದೆ ಉಳಿಯುತ್ತಿದ್ದವು. ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಆರೋಗ್ಯದಾಗ ನಾ ಡಿಸ್ಟಿಂಕ್ಷನ್. ನೀವೆಲ್ಲಾ ಜಸ್ಟ್ ಪಾಸ್" ಎಂದು ಹೇಳುವ ಚಟವೊಂದು ಅವರಿಗೆ ಅಂಟಿಕೊಂಡಿತ್ತು.

ಹಿರಿಯ ನಾಗರಿಕರ ಉಚಿತ ತಪಾಸಣಾ ಶಿಬಿರಕ್ಕೂ ಅವರು ಬಹುಮಾನ ತರಲು ಹೋದವರ ಹಾಗೇ ಹೋದರು. ನೇತ್ರಾ ಎಂಬ ನರ್ಸಮ್ಮ ಅವರ ಬೆರಳಿಗೆ ಸಣ್ಣ ಡಬ್ಬಿಯೊಂದನ್ನು ಕಚ್ಚಿಸಿದಳು. ಡಬ್ಬಿಯ ಮೇಲೆ ಎರಡು ಅಂಕಿ ಮೂಡಿದವು. ಮೇಲೆ ತೊಂಬತ್ತೆಂಟು, ಕೆಳಗೆ ನಲವತ್ತಾರು. ನೇತ್ರಾ ಎರಡನ್ನೂ ಕಾರ್ಡಿನಲ್ಲಿ ಬರೆದು, ಕೆಳಗಿನದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು.

"ಇದು ಸ್ವಲ್ಪ ಕಡಿಮಿ ಐತ್ರಿ ಅಜ್ಜಾರ. ಮಧ್ಯಾಹ್ನ ಡಾಕ್ಟರ್ ಬರ್ತಾರ, ಒಂದ್ಸಲ ತೋರಸ್ರಿ."

ಕೊರೊನಾ ಹೋಗುವಾಗ ಊರಿನ ತಲೆಯಲ್ಲಿ ಒಂದೇ ಒಂದು ವೈದ್ಯಶಾಸ್ತ್ರ ಬಿಟ್ಟು ಹೋಗಿತ್ತು: ಆ ಡಬ್ಬಿಯ ಮೇಲೆ ಅಂಕಿ ಇಳಿದರೆ ಆಸಾಮಿ ಉಳಿಯುವುದಿಲ್ಲ. ಮೇಲಿನ ಅಂಕಿ ಉಸಿರಿನದು, ಕೆಳಗಿನದು ನಾಡಿಬಡಿತದ್ದು ಎಂಬ ಗೊಡವೆಗೆ ಯಾರೂ ಹೋಗಿರಲಿಲ್ಲ. ಮಾಸ್ತರರಂತೂ ಎರಡನ್ನೂ ಎರಡು ವಿಷಯಗಳೆಂದು ತಿಳಿದು, ಕೂಡಿಸಿ, ಇನ್ನೂರಕ್ಕೆ ನೂರಾ ನಲವತ್ನಾಲ್ಕು ಎಂದು ಲೆಕ್ಕ ಹಾಕಿಬಿಟ್ಟರು.

ಅವರ ಹಿಂದೆ ನಿಂತಿದ್ದವರು ಬಾಲ್ಯದ ಗೆಳೆಯ ಮಹಬೂಬಸಾಬರು. ಬಜಾರಿನಲ್ಲಿ ಹಾಸಿ ಮಲಗುವ ಹತ್ತಿಯ ಗಾದಿಗಳ ಅಂಗಡಿ. ಒಂದರ ಮೇಲೊಂದು ಐದು ಗಾದಿ ಹಾಕಿ, ಮೇಲೆ ಏರಿ ಕೂತರೆ ಊಟದ ಹೊತ್ತಿಗೆ ಇಳಿಯುವ ಮನುಷ್ಯ. ಶಿಬಿರ ಅಂಗಡಿಯ ಎದುರಿಗೇ ಇದ್ದದ್ದಕ್ಕೆ ಬಂದಿದ್ದರು. ಅವರ ಬೆರಳಿಗೆ ಡಬ್ಬಿ ಕಚ್ಚಿದಾಗ ಬಂದದ್ದು ತೊಂಬತ್ತೇಳು ಮತ್ತು ತೊಂಬತ್ತೆರಡು.

"ಮಾಸ್ತರ," ಎಂದರು ಮಹಬೂಬಸಾಬರು, ಕಾರ್ಡನ್ನು ಎತ್ತಿ ಹಿಡಿದು, "ನಡದು ನಡದು ನಿನ್ನ ಹೃದಯ ಸವದು ಹೋಗೇತಿ. ನನ್ನದು ನೋಡು, ಹೊಸಾದ ಇದ್ದಂಗ ಐತಿ. ವಾಪರಿಸೇ ಇಲ್ಲ."

ಸಾಲಿನಲ್ಲಿದ್ದವರು ನಕ್ಕರು. ಆ ಪೈಕಿ ಕನಿಷ್ಠ ನಾಲ್ಕು ಜನ ಮಾಸ್ತರರ ಕೈಯಲ್ಲಿ ನಪಾಸಾದವರು. ಮಾಸ್ತರರು ಡಾಕ್ಟರಿಗೂ ಕಾಯದೆ ಮನೆಗೆ ನಡೆದರು.

ಮನೆಯಲ್ಲಿ ಅಮೃತವ್ವನವರು ಕಾರ್ಡು ನೋಡಿ ಗೋಡೆ ಹಿಡಿದು ಕೂತರು. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು. ಕೆಂಪು ಗೆರೆ ಎಂದರೇನು ಎಂಬುದು ಮಾಸ್ತರರ ಹೆಂಡತಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

"ನಾಳಿಂದ ವಾಕಿಂಗ್ ಬಂದ್," ಎಂದರು.

"ಹನ್ನೊಂದು ವರ್ಷ ನಡದ ಮ್ಯಾಲೆ ನಾಳಿಂದ ಬಂದ್ ಅಂದ್ರ ಹೆಂಗ? ಆ ಡಬ್ಬಿಯಾಗ ಏನೋ ದೋಷ ಐತಿ."

"ಡಬ್ಬಿ ಸುಳ್ಳ ಹೇಳೂದಿಲ್ರಿ. ಮಂದಿ ಸುಳ್ಳ ಹೇಳ್ತಾರ. ಹೃದಯ ಸವದೈತಿ ಅಂತ ಮಹಬೂಬಣ್ಣ ಅಂದಿದ್ದು ಓಣಿಗೆಲ್ಲಾ ಗೊತ್ತಾಗೇತಿ, ನೀವು ಮಾತ್ರ ನನ್ನ ಮುಂದ ಹೇಳ್ಲಿಲ್ಲ."

ಅಷ್ಟು ಹೇಳಿ ಅಮೃತವ್ವನವರು ಬಿಳಿ ಬೂಟುಗಳನ್ನು ಜೋಳದ ಪೀಪಾಯಿಯ ತಳಕ್ಕೆ ಹಾಕಿ, ಮೇಲೆ ಒಂದು ಚೀಲ ಜೋಳ ಸುರಿದರು. ಪಕ್ಕದ ಮನೆಯಿಂದ ಕೊರೊನಾ ಕಾಲದ ಡಬ್ಬಿ ಕಡ ತಂದರು. ತಾಸಿಗೊಮ್ಮೆ ಗಂಡನ ಬೆರಳು ಹಿಡಿಯುವುದು, ನೋಡುವುದು, ನಿಟ್ಟುಸಿರು ಬಿಡುವುದು. ಊಟವಾಗಿ ಮಾಸ್ತರರು ಒರಗಿದಾಗ ನಲವತ್ತೆರಡಕ್ಕೆ ಇಳಿಯಿತು. ಅಮೃತವ್ವನವರು ಗಾಬರಿಯಾಗಿ ಬೆಳ್ಳಟ್ಟಿಯಲ್ಲಿದ್ದ ಗಂಡನ ಅಕ್ಕನಿಗೆ ಫೋನು ಹಚ್ಚಿದರು.

ನಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲ ಎಂದು ಖಬರ ಹೋದರೆ ಸಾಕು, ಬಂಧುಬಳಗ ಮಾತಾಡಿಸಲು ಹೊರಡುತ್ತದೆ. ರೋಗಿಗೆ ಮಾತಾಡುವ ಮನಸ್ಸಿದೆಯೇ ಎಂದು ಯಾರೂ ಕೇಳುವುದಿಲ್ಲ. ಬರುವಾಗ ಒಂದು ಬ್ರೆಡ್ಡಿನ ಪಾಕೀಟು ತರಬೇಕು, ಕಾಲ ಬಳಿ ಕೂರಬೇಕು, ಇದೇ ಕಾಯಿಲೆಯಿಂದ ಹೋದವರ ಹೆಸರು ಹೇಳಬೇಕು. ಮಾಸ್ತರರ ಅಕ್ಕ ರಾಮವ್ವ ಒಂದು ಟಂಟಂ ತುಂಬ ಜನರನ್ನು ಕರೆದುಕೊಂಡು ಬಂದಿಳಿದರು. ಓಣಿಯವರೂ ಬಂದರು. ಹಳೆಯ ವಿದ್ಯಾರ್ಥಿಗಳು ಶಿಗ್ಲಿಯಿಂದ ಬಂದರು. ಎರಡನೇ ದಿನಕ್ಕೆ ದೇವರ ಜಗಲಿಯ ಪಕ್ಕ ಮೂವತ್ತೊಂದು ಬ್ರೆಡ್ಡು ಕೂತಿದ್ದವು. ಮಾಸ್ತರರಿಗೆ ಬ್ರೆಡ್ಡು ಕಂಡರೆ ಆಗುವುದಿಲ್ಲ, ಅವರಿಗೆ ಬೇಕಾದದ್ದು ಜೋಳದ ಕಟಿಕಟಿ ರೊಟ್ಟಿ.

"ನನಗ ಏನಾಗೇತಿ ಅಂತ ಬಂದೀರಿ?" ಎಂದು ಅವರು ಕೇಳಿದರೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, "ಪಾಪ, ಅವರಿಗೆ ಇನ್ನೂ ತಿಳಿಸಿಲ್ಲ ಅನಸ್ತೈತಿ" ಎನ್ನುತ್ತಿದ್ದರು.

ಮೂರನೆಯ ದಿನ ರಾಮವ್ವ ತಮ್ಮನ ತಲೆ ನೇವರಿಸುತ್ತ ಹಳೆಯದನ್ನೆಲ್ಲ ನೆನೆಸಿಕೊಂಡು ಅಳುತ್ತಿದ್ದರು. ಮಾಸ್ತರರ ಬೆರಳಿನಲ್ಲಿ ಡಬ್ಬಿ ಇತ್ತು. "ಎಷ್ಟು ಕಷ್ಟಪಟ್ಟು ಮ್ಯಾಲೆ ಬಂದ್ಯೋ ಯಪ್ಪಾ. ಏಳನೇ ಇಯತ್ತೆದಾಗ ಗಣಿತದಾಗ ನಪಾಸ ಆಗಿದ್ದಿ, ಅಪ್ಪ ಬಾರಕೋಲು ತಗೊಂಡಿದ್ದ, ನಾನ ಬಿಡಿಸಿಕೊಂಡಿದ್ದೆ."

ಹಳೆಯ ವಿದ್ಯಾರ್ಥಿಗಳು ಕಿವಿ ನಿಮಿರಿಸಿದರು.

"ಅದು ನಪಾಸಲ್ಲ," ಎಂದು ಮಾಸ್ತರರು ಎದ್ದು ಕೂತರು. "ಆವತ್ತು ನನಗ ಗೋಬರ ಎದ್ದಿತ್ತು, ಮೈತುಂಬ ಗುಳ್ಳಿ, ಜ್ವರ. ಪರೀಕ್ಷಾಕ್ಕ ಕೂತೇ ಇರ್ಲಿಲ್ಲ. ಕೂಡದವನಿಗೆ ನಪಾಸ ಅನ್ನಾಕ ಬರೂದಿಲ್ಲ, ಗೈರುಹಾಜರು ಅನಬೇಕು."

"ನಪಾಸ ಆಗಿದ್ದಿ ಬಿಡೋ," ಎಂದು ರಾಮವ್ವ ಮೂಗು ಒರೆಸಿಕೊಂಡರು.

ಅಮೃತವ್ವನವರ ಕಣ್ಣು ಡಬ್ಬಿಯ ಮೇಲಿತ್ತು. ನಲವತ್ತಾರು ಇದ್ದದ್ದು ಅರವತ್ತಾಯಿತು, ಎಪ್ಪತ್ತಾಯಿತು, ಎಂಬತ್ತೊಂದಕ್ಕೆ ಬಂದು ನಿಂತಿತು. ಆ ಮೂರು ದಿನದಲ್ಲಿ ಅವರ ಮುಖದ ಮೇಲೆ ಬೆಳಕು ಬಂದದ್ದು ಆಗಲೇ.

"ಅಕ್ಕಾರ," ಎಂದರು ಮೆಲ್ಲಗೆ, "ಅದನ್ನ ಇನ್ನೊಮ್ಮೆ ಅನ್ರಿ."

ಮಾಸ್ತರರಿಗೆ ಸಿಟ್ಟು ಬಂದರೆ ಅಂಕ ಏರುತ್ತದೆ ಎಂಬ ಈ ಶೋಧ ಆ ಕೋಣೆಯಲ್ಲಿ ಆಯಿತು, ಸಂಜೆಯೊಳಗೆ ಓಣಿಗೆ ಹಬ್ಬಿತು. ಒಬ್ಬ ಒಳ್ಳೆಯ ಮನುಷ್ಯನ ಪ್ರಾಣ ಉಳಿಸಲು ಅಷ್ಟು ಸಣ್ಣ ಸೇವೆ ಮಾಡಲು ಯಾರು ಹಿಂದೆ ಸರಿದಾರು? ಮರುದಿನದಿಂದ ಸರದಿ ಹಚ್ಚಿ ನಿಂತರು. ಮುಂಜಾನೆ ಅಮೃತವ್ವನವರು ಉಪ್ಪಿಲ್ಲದ ಉಪ್ಪಿಟ್ಟು ಕೊಟ್ಟು, "ಉಪ್ಪು ಐತೆಲ್ಲಾ, ನಿಮ್ಮ ನಾಲಿಗಿ ಸತ್ತೈತಿ" ಎಂದು ವಾದಿಸುತ್ತಿದ್ದರು. ಎಪ್ಪತ್ತು. ಹತ್ತು ಗಂಟೆಗೆ ಪತ್ರಿಕೆ ಬರುತ್ತಿತ್ತು, ಯಾರೋ ಮೊದಲೇ ಪದಬಂಧ ತುಂಬಿಟ್ಟಿರುತ್ತಿದ್ದರು, ಅದೂ ತಪ್ಪು. ಎಪ್ಪತ್ತಾರು. ಮಧ್ಯಾಹ್ನ ಶಿಗ್ಲಿಯ ಹಳೆಯ ವಿದ್ಯಾರ್ಥಿಯೊಬ್ಬ ಬ್ರೆಡ್ಡು ಇಟ್ಟು, ಕಾಲಿಗೆ ನಮಸ್ಕಾರ ಮಾಡಿ, "ಸರ್, ಐದನ್ನ ಸೊನ್ನೆಯಿಂದ ಭಾಗಿಸಿದ್ರ ಸೊನ್ನೆ ಬರತೈತಿ ಅಂತ ನೀವು ಕಲಿಸಿದ್ದು ಇನ್ನೂ ನೆನಪೈತಿ" ಎಂದ. ಎಂಬತ್ತೆಂಟು. ಅವನು ಅಂಕಿ ನೋಡಿ, ಸಮಾಧಾನದಿಂದ ಚಹಾ ಕುಡಿದು ಹೋದ.

ಮಾಸ್ತರರಿಗೆ ಇದರ ಒಳಗುಟ್ಟು ಗೊತ್ತಿರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಇಷ್ಟು: ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದೇ ತಡ, ಹೆಂಡತಿ, ಅಕ್ಕ, ಓಣಿ, ಶಿಷ್ಯರು, ಎಲ್ಲರೂ ತಿರುಗಿ ಬಿದ್ದರು. ಗೌರವ ಎಂಬುದು ಇಷ್ಟು ತೆಳ್ಳಗಿನದೇ? ಶಿಗ್ಲಿ ರಸ್ತೆಯ ಕಲ್ಲು ತನ್ನ ದಾರಿ ಕಾಯುತ್ತಿರಬಹುದು ಎಂದು ನೆನೆದರೆ ಅವರ ಕಾಲು ಹಾಸಿಗೆಯಲ್ಲೇ ಆಡುತ್ತಿದ್ದವು. ಹೊರಗೆ ಕಾಲಿಟ್ಟರೆ ಅಮೃತವ್ವನವರು ಬಾಗಿಲಿಗೆ ಅಡ್ಡ ನಿಂತು ಅಳುತ್ತಿದ್ದರು. ಆ ಅಳುವಿನಲ್ಲಿ ಮಾತ್ರ ಮೋಸ ಇರಲಿಲ್ಲ, ಅದಕ್ಕೇ ಮಾಸ್ತರರು ಹೊಸ್ತಿಲು ದಾಟುತ್ತಿರಲಿಲ್ಲ.

ಏಳನೆಯ ದಿನ ಮಹಬೂಬಸಾಬರ ಅಂಗಡಿಯಿಂದ ಒಂದು ಗಾದಿ ಬಂತು. ಮೆತ್ತನ್ನ ಹತ್ತಿಯದು, ಹೊಸ ಅಚ್ಚಿನ ಬಟ್ಟೆ. "ಗೆಳೆಯ ಹೆಂಗೂ ಮಲಗೇ ಇರಬೇಕು, ಮೆತ್ತಗ ಮಲಗಲಿ" ಎಂದು ಹೇಳಿ ಕಳಿಸಿದ್ದರು. ತಂದವನು ಇನ್ನೊಂದು ಸುದ್ದಿಯನ್ನೂ ಕೊಟ್ಟ. ಸಾಬರು ತಮ್ಮ ಶಿಬಿರದ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸಿ ಅಂಗಡಿಯ ಗಡಿಯಾರದ ಕೆಳಗೆ ತೂಗುಹಾಕಿದ್ದಾರೆ, ತೊಂಬತ್ತೆರಡು ಬರಬೇಕೆಂದರೆ ಗಾದಿ ಬಿಟ್ಟು ಏಳಬಾರದು ಎಂದು ಗಿರಾಕಿಗಳಿಗೆ ಹೇಳುತ್ತಿದ್ದಾರೆ, ವ್ಯಾಪಾರ ಜೋರಾಗಿದೆ.

ಡಬ್ಬಿ ನೂರಾ ಹನ್ನೆರಡು ತೋರಿಸಿತು. ಅಮೃತವ್ವನವರು ದೇವರಿಗೆ ಕೈ ಮುಗಿದರು.

ಮಾಸ್ತರರು ಅಂಕಿಯನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. "ನೂರಕ್ಕ ನೂರಾ ಹನ್ನೆರಡು?" ಎಂದರು. ಗಾದಿ ಮರೆತು ಹೋಯಿತು. ಮೂವತ್ತಾರು ವರ್ಷದ ಸೇವೆಯಲ್ಲಿ ಇಂಥ ಅನ್ಯಾಯ ಅವರು ಕಂಡಿರಲಿಲ್ಲ. ತನಗೇ ಬಂದಿದ್ದರೂ ಅದು ಅನ್ಯಾಯವೇ. ಸಿಟ್ಟು ಬಂದ ಕೂಡಲೇ ಅಂಕಿ ಏರಿದ್ದು ಅವರಿಗೆ ಆಗ ಹೊಳೆಯಿತು. ಸಿಟ್ಟಾದರೆ ಅಂಕ ಸಿಗುತ್ತದೆ ಎಂದಾದರೆ, ಮಹಬೂಬ ಶಿಬಿರಕ್ಕೆ ಬರುವ ಮೊದಲು ಯಾರ ಹತ್ತಿರವೋ ಜಗಳ ತೆಗೆದು ಬಂದಿದ್ದಾನೆ. ಇದು ಶುದ್ಧ ನಕಲು. ಅವರು ಅಲ್ಲೇ ಕೂತು ಆರೋಗ್ಯ ಇಲಾಖೆಯ ಕಚೇರಿಗೆ ಅರ್ಜಿ ಬರೆದರು.

"ವಿಷಯ: ನನ್ನ ಹೃದಯದ ಅಂಕಗಳ ಮರುಎಣಿಕೆ ಹಾಗೂ ಮರುಮೌಲ್ಯಮಾಪನದ ಕುರಿತು. ಮಾನ್ಯರೇ, ದಿನಾಲು ಎಂಟು ಕಿಲೋಮೀಟರ್ ನಡೆಯುವ ನನಗೆ ನಲವತ್ತಾರು, ಗಾದಿ ಬಿಟ್ಟು ಏಳದ ಶ್ರೀ ಮಹಬೂಬಸಾಬರಿಗೆ ತೊಂಬತ್ತೆರಡು ಹಾಕಲಾಗಿದೆ. ಸದರಿ ಪರೀಕ್ಷೆಯಲ್ಲಿ ನೂರಕ್ಕಿಂತ ಹೆಚ್ಚು ಅಂಕವೂ ಬರುತ್ತಿರುವುದು ನನ್ನ ಗಮನಕ್ಕೆ ಬಂದಿದ್ದು, ಪರೀಕ್ಷೆಯನ್ನೇ ರದ್ದುಪಡಿಸಬೇಕಾಗಿ ವಿನಂತಿ."

ಮರುದಿನ ಅಮೃತವ್ವನವರನ್ನೂ ಕರೆದುಕೊಂಡೇ ಕಚೇರಿಗೆ ಹೋದರು. ಗುಮಾಸ್ತ ಯಂಕಪ್ಪ ಅರ್ಜಿಯನ್ನು ಎರಡು ಸಲ ಓದಿದ. ಇಪ್ಪತ್ತು ವರ್ಷ ಟಪ್ಪಾಲು ನೋಡಿದವನು. ಯಾವ ಅರ್ಜಿಗೂ ನಗುವುದನ್ನು ಬಿಟ್ಟಿದ್ದ.

"ಮರುಮೌಲ್ಯಮಾಪನಕ್ಕ ಉತ್ತರಪತ್ರಿಕಾದ ನಕಲು ಪ್ರತಿ ಬೇಕಾಗ್ತೈತ್ರಿ ಮಾಸ್ತರ."

"ಹೃದಯದ ನಕಲು ಪ್ರತಿ ಎಲ್ಲಿಂದ ತರಲಿ?"

"ಸಿಗತೈತ್ರಿ. ಇಸಿಜಿ ಅಂತಾರ. ಉದ್ದನ್ನ ಹಾಳಿ ಮ್ಯಾಗ ಗೆರಿ ಬರ್ತಾವ. ಗದಗಿಗೆ ಹೋಗ್ರಿ. ಆಪಾದನಾ ಮಾಡೀರೆಲ್ಲಾ, ಎದುರುಗಾರನ್ನೂ ಕರ್ಕೊಂಡು ಹೋಗ್ರಿ. ಇಬ್ಬರದೂ ಕೂಡಿಸಿ ಲಗತ್ತು ಮಾಡ್ರಿ." ಎಂದವನೇ ಅರ್ಜಿಗೆ ಮೊಹರು ಹೊಡೆದ.

ಎದುರುಗಾರ ಮಹಬೂಬಸಾಬರು ಕರೆದ ಕೂಡಲೇ ಹೊರಟರು, ಪ್ಲಾಸ್ಟಿಕ್ ಹೊದಿಸಿದ ಕಾರ್ಡನ್ನು ಎದೆಗೆ ಹಿಡಿದುಕೊಂಡು. ಗದಗಿನ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ನಡುವೆ ಅಮೃತವ್ವನವರು ಡಬ್ಬಿ ಹಿಡಿದು ಕೂತರು.

ಗದಗಿನಲ್ಲಿ ಹೃದಯದ ಡಾಕ್ಟರು ಮೆಹನಾಜ. ಬೆಳ್ಳಟ್ಟಿಯ ಶಾಲೆಯಲ್ಲಿ ಮಾಸ್ತರರ ಕೈಕೆಳಗೆ ಕಲಿತವಳು. ಗುರುಗಳನ್ನು ನೋಡಿ ಎದ್ದು ನಿಂತಳು. ಅರ್ಜಿಯ ಪ್ರತಿ ಓದುವಾಗ ಮಾತ್ರ ಮುಖಕ್ಕೆ ಕಾಗದ ಅಡ್ಡ ಹಿಡಿದುಕೊಂಡಿದ್ದಳು. ಆಮೇಲೆ ಮಾಸ್ತರರನ್ನು ಹತ್ತು ನಿಮಿಷ ಸುಮ್ಮನೆ ಮಲಗಿಸಿ ಇಸಿಜಿ ತೆಗೆದಳು, ಎದೆಯ ಮೇಲೆ ಯಂತ್ರ ಆಡಿಸಿ ಪರದೆಯಲ್ಲಿ ಹೃದಯ ನೋಡಿದಳು, ಪ್ರಶ್ನೆಗಳನ್ನು ಕೇಳಿದಳು.

"ತಲಿ ತಿರಗತೈತೇನ್ರಿ ಸರ್? ಕಣ್ಣಿಗೆ ಕತ್ತಲಿ ಬರತೈತಿ? ನಡಿಯಾಗ ದಮ್ಮು, ಎದಿ ನೋವು?"

"ಏನೂ ಇಲ್ಲ. ಸಿಟ್ಟು ಐತಿ."

"ಹಂಗಿದ್ರ ಕೇಳ್ರಿ. ಇದು ಮಾರ್ಕ್ಸ್ ಅಲ್ಲ. ನಿಮಿಷಕ್ಕ ಎಷ್ಟು ಸಲ ಹೃದಯ ಬಡಿತೈತಿ ಅನ್ನೂ ಎಣಿಕಿ. ನೀವು ಕ್ಲಾಸಿಗೆ ಬಂದು ಮೇಜಿಗೆ ಒಂದ ಏಟು ಹಾಕಿದ್ರ ಇಡೀ ಶಾಲಿ ಸುಮ್ನಾಗ್ತಿತ್ತು. ನಿಮ್ಮ ಹಿಂದ ಬಂದ ಮಾಸ್ತರು ಇಪ್ಪತ್ತು ಸಲ ಬಡೀತಿದ್ರು, ಯಾರೂ ಕೇಳ್ತಿರಲಿಲ್ಲ. ಯಾರು ಗಟ್ಟಿ?"

ಮಾಸ್ತರರ ಕುತ್ತಿಗೆ ನೆಟ್ಟಗಾಯಿತು.

"ವಯಸ್ಸಾದಂಗ ಹೃದಯದ ಗೋಡಿ ಬಿರುಸಾಗ್ತಾವ್ರಿ. ದಿನಾ ದೂರ ನಡದವರದು ಮೆತ್ತಗ ಉಳೀತೈತಿ. ಒಂದ ಬಡತಕ್ಕ ಹೆಚ್ಚು ರಕ್ತ ತಳ್ಳತೈತಿ, ಅದಕ್ಕ ಸುಮ್ನ ಕುಂತಾಗ ಕಡಿಮಿ ಬಡದರೂ ಸಾಕು. ಎಲ್ಲಾರ ನಲವತ್ತಾರೂ ಛಲೋ ಅಲ್ಲ, ತಲಿ ತಿರಗೋರದು ಇದ್ರ ಬ್ಯಾರೆ ಮಾತು. ನಿಮ್ಮದು ಹನ್ನೊಂದು ವರ್ಷದ ಗಳಿಕಿ. ಬೂಟು ಹಾಕ್ಕೊಂಡು ನಡೀರಿ."

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಒಂಬತ್ತು ದಿನ ಹಾಸಿಗೆ, ಬ್ರೆಡ್ಡಿನ ರಾಶಿ, ಸೊನ್ನೆಯಿಂದ ಭಾಗಾಕಾರ, ಎಲ್ಲಕ್ಕೂ ಸೇರಿಸಿ ಒಂದು ಭಾಷಣ ಅವರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೆಹನಾಜ ಮಹಬೂಬಸಾಬರನ್ನು ಕೂರಿಸಿ ನೋಡಿದಳು. ತೊಂಬತ್ನಾಲ್ಕು. ಒಂದು ಮಹಡಿ ಹತ್ತಿಸಿ ಇಳಿಸಿ ನೋಡಿದಳು. ನೂರಾ ಮೂವತ್ತಾರು, ಮಾತಾಡಲು ಉಸಿರಿಲ್ಲ.

"ಸಾಬ್ರ, ಈ ಹೃದಯ ಗಾದಿ ಮ್ಯಾಲೆ ಕುಂತಾಗೂ ಓಡಾಕ ಹತ್ತೈತಿ. ಬಿಪಿ ಐತಿ, ಗುಳಗಿ ಬರದುಕೊಡ್ತೇನಿ. ಆದ್ರ ಗುಳಗಿ ಅರ್ಧ ಕೆಲಸ. ನೀವು ನಡೀಬೇಕು."

ಮಹಬೂಬಸಾಬರು ಕಾರ್ಡನ್ನು ಮಡಿಸಲು ನೋಡಿದರು, ಪ್ಲಾಸ್ಟಿಕ್ಕು, ಮಡಚಿಕೊಳ್ಳಲಿಲ್ಲ. ಅದನ್ನು ಬೋರಲು ಹಾಕಿ ತೊಡೆಯ ಕೆಳಗೆ ಇಟ್ಟುಕೊಂಡರು.

"ಅವ್ವಾರ, ನಿಮ್ಮ ಬೆರಳು ಕೊಡ್ರಿ," ಎಂದಳು ಮೆಹನಾಜ.

"ನನಗೇನಾಗೇತಿ, ಬಿಡವ್ವಾ."

ನೂರಾ ಎಂಟು. ಮೆಹನಾಜ ಮತ್ತೆ ನೋಡಿದಳು, ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿದಳು. "ಎಷ್ಟು ದಿನ ಆತ್ರಿ ನಿದ್ದಿ ಮಾಡಿ?"

"ಒಂಬತ್ತು," ಎಂದರು ಅಮೃತವ್ವ, ತಪ್ಪು ಮಾಡಿದ ಹುಡುಗಿಯ ಹಾಗೆ. "ಇವರದು ತಾಸಿಗೊಮ್ಮೆ ನೋಡಬೇಕಿತ್ತಲ್ಲಾ. ಮಲಗಿದಾಗ ಭಾಳ ಇಳೀತಿತ್ತು. ಉಪ್ಪಿಲ್ಲದ ಉಪ್ಪಿಟ್ಟು ಕೊಟ್ಟು ಸಿಟ್ಟಿಗೇರಿಸಿದ್ರ ಏರ್ತಿತ್ತು. ಅಕ್ಕಾರಿಗೆ ಗೋಬರದ ಸುದ್ದಿ ಮೊದಲ ಗೊತ್ತಿತ್ರಿ. ಆದ್ರೂ ನಪಾಸ ಅಂತ ಮತ್ತ ಮತ್ತ ನಾನ ಹೇಳಿ ಅನಿಸಿದ್ದೆ."

ಮಾಸ್ತರರ ನಾಲಿಗೆಯ ತುದಿಯ ಭಾಷಣ ಅಲ್ಲೇ ಉಳಿಯಿತು. ಸಿಟ್ಟು ಹೋಗಲಿಲ್ಲ, ಯಾರ ಮೇಲೆ ತೋರಿಸಬೇಕು ಎಂಬುದು ಮಾತ್ರ ತಿಳಿಯದೆ ಹೋಯಿತು. ಕಡೆಗೆ ಮಹಬೂಬಸಾಬರ ಮೇಲೆ ಹರಿಹಾಯ್ದರು. "ನಾಳಿ ಮುಂಜಾನಿ ಆರಕ್ಕ ಶಿಗ್ಲಿ ರಸ್ತಾದಾಗ ನಿಂತಿರಬೇಕು. ಗೈರುಹಾಜರು ಆದ್ರ ಮನಿಗೆ ಬರ್ತೇನಿ. ಏ ಅಮೃತಾ, ನೀನೂ ಬರ್ತಿ."

ಪೀಪಾಯಿಯಿಂದ ಜೋಳ ತೆಗೆದ ಮೇಲೆ ಬೂಟು ಹೊರಗೆ ಬಂದವು. ಆದರೆ ಹಳೆಯ ನಡಿಗೆ ಮತ್ತೆ ಬರಲಿಲ್ಲ. ಮಹಬೂಬಸಾಬರು ಪ್ರತಿ ಸೇತುವೆಯ ಕಟ್ಟೆ ಕಂಡಲ್ಲೂ ಕೂರುತ್ತಿದ್ದರು. ಅಮೃತವ್ವನವರು ಪ್ರತಿ ಹೊಲದ ಹೆಂಗಸರನ್ನೂ ಮಾತಾಡಿಸುತ್ತಿದ್ದರು. ಮೊದಲನೇ ಕಿಲೋಮೀಟರಿನ ಕಲ್ಲು ಮುಟ್ಟುವಷ್ಟರಲ್ಲಿ ಬಿಸಿಲು ಏರುತ್ತಿತ್ತು, ಅಲ್ಲಿಂದಲೇ ವಾಪಸು. ಚಕ್ಕಡಿಗಳು ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಚಕ್ಕಡಿ ಹೊಡೆಯುವವರು ತಿರುಗಿ ತಿರುಗಿ ನೋಡುತ್ತಿದ್ದರು. ಮಾಸ್ತರರು ಹಲ್ಲು ಕಡಿಯುತ್ತ, ಬೈಯುತ್ತ, ನಿಂತು ನಿಂತು ನಡೆದರು. ಒಂದು ದಿನವೂ ಇಬ್ಬರನ್ನು ಬಿಟ್ಟು ಮುಂದೆ ಹೋಗಲಿಲ್ಲ.

ಆರು ತಿಂಗಳಾದ ಮೇಲೆ ಅದೇ ಬಜಾರಿನಲ್ಲಿ ಮತ್ತೆ ಶಿಬಿರ. ಅದೇ ನೇತ್ರಾ, ಅದೇ ಡಬ್ಬಿ. ಮಹಬೂಬಸಾಬರು ಎಪ್ಪತ್ತೊಂಬತ್ತು. "ಹದಿಮೂರು ಹೋದವಲ್ಲೋ ಮಾಸ್ತರ" ಎಂದು ಅವರು ಗೊಣಗಿದರು, ಎಷ್ಟು ತಿಳಿಸಿ ಹೇಳಿದರೂ ಅವರ ಮನಸ್ಸಿಗೆ ಅದು ಸರಿ ಹೋಗಿರಲಿಲ್ಲ. ಅಮೃತವ್ವನವರು ಅರವತ್ತೆಂಟು. ಮಾಸ್ತರರು ಬೆರಳು ಕೊಟ್ಟರು.

ಐವತ್ನಾಲ್ಕು.

"ಛಲೋ ಆತ್ರಿ ಅಜ್ಜಾರ," ಎಂದು ನೇತ್ರಾ ನೀಲಿ ಪೆನ್ನಿನಲ್ಲಿ ಬರೆದಳು. ಸಾಲಿನಲ್ಲಿದ್ದವರು ಕೈ ಕುಲುಕಿದರು. "ಎಂಟು ಏರ್ಯಾವಲ್ರಿ ಮಾಸ್ತರ, ಪೇಢೆ ಹಂಚ್ರಿ" ಎಂದರು. ಆ ಎಂಟು ಏರಿದ್ದಲ್ಲ, ಹೋದದ್ದು, ಹನ್ನೊಂದು ವರ್ಷದ ಗಳಿಕೆಯಲ್ಲಿ ಕರಗಿದ್ದು ಎಂಬುದು ಆ ಇಡೀ ಶಾಮಿಯಾನದಲ್ಲಿ ಗೊತ್ತಿದ್ದದ್ದು ಮಾಸ್ತರರೊಬ್ಬರಿಗೆ. ಅವರ ಕೈ ರೂಢಿಯಂತೆ ಜೇಬಿನ ಪೆನ್ನಿಗೆ ಹೋಯಿತು.

"ಮತ್ತ ಅರ್ಜಿ ಬರೀತೀರೇನು?" ಎಂದರು ಅಮೃತವ್ವ. ಅವರು ಕಾರ್ಡಿನಲ್ಲಿ ತಮ್ಮ ಅರವತ್ತೆಂಟನ್ನು ಬೆರಳಿನಿಂದ ಮುಚ್ಚಿಕೊಂಡಿದ್ದರು, ಕಡಿಮೆಯಾಯಿತೆಂದು ನಾಚಿಕೆಯೋ ಏನೋ.

ಮಾಸ್ತರರು ಆ ಬೆರಳನ್ನು ಸರಿಸಿ ಅಂಕಿ ನೋಡಿದರು. ಪೆನ್ನು ಜೇಬಿನಲ್ಲೇ ಉಳಿಯಿತು.

"ಇಲ್ಲ," ಎಂದರು ಸಿಟ್ಟಿನಿಂದಲೇ. "ಎಂಟು ಹೋಗಿಲ್ಲ. ನಿಮ್ಮಿಬ್ಬರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟೇನಿ. ಯಾರ ಮುಂದೂ ಹೇಳಬ್ಯಾಡ, ಬೆಳ್ಳಟ್ಟಿಯಾಗ ಗೊತ್ತಾದ್ರ ಹಳೇ ಹುಡುಗರೆಲ್ಲಾ ತಮ್ಮ ಅರ್ಧ ಮಾರ್ಕ್ಸ್ ಕೇಳಾಕ ಬಂದು ಬಾಗಲದಾಗ ನಿಲ್ತಾರ."